ರಾಕೆಟ್ಟಿಗೆ ಇಟ್ಟ ನಿಂಬೆಹಣ್ಣು

2003ನೇ ಇಸವಿಯ ದಸರಾ ರಜೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ನನ್ನ ಮಗಳ ಮಗಳು ಸಿಂಧು ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಗೆ ಬಂದಿದ್ದಳು. ಆಗ ಆರನೇ ಕ್ಲಾಸು. ಬಟ್ಟೆ ಒಂದು ಚೀಲ, ಪ್ಲಾಸ್ಟಿಕ್ ಇಟ್ಟಿಗೆ ಎರಡು ಚೀಲ. ಒಂದರ ಮೇಲೊಂದು ಒತ್ತಿ ಕೂರಿಸುವ ಆಟದ ಇಟ್ಟಿಗೆ ಅವು. ಅವಳು ಬ್ಲಾಕ್ಸ್ ಅಂತಿದ್ದಳು.

ರಜೆ ಮುಗಿದ ದಿನವೇ ಸ್ಕೂಲಿನಲ್ಲಿ ವಸ್ತುಪ್ರದರ್ಶನ. ಡಬ್ಬಿ ಮೇಲಿನ ಚಿತ್ರ ನೋಡಿ ಜೋಡಿಸಿದ್ದು ಬೇಡ, ನಿಮ್ಮದೇ ಡಿಸೈನ್ ಇರಬೇಕು ಅಂತ ಟೀಚರ್ ಹೇಳಿದ್ದರಂತೆ. ಹಿಂದಿನ ವರ್ಷ ಇವಳು ಬ್ಲಾಕ್ಸಿನ ಒಂದು ಮನೆ ತಗೊಂಡು ಹೋಗಿದ್ದಳು. ಅದನ್ನು ಅವಳಪ್ಪ ಕಟ್ಟಿಕೊಟ್ಟಿದ್ದು ಅಂತ ಕ್ಲಾಸಿನವರು ಆಡಿಕೊಂಡರು. ಅದು ಸುಳ್ಳೂ ಅಲ್ಲ, ಅಪ್ಪನೇ ಕಟ್ಟಿದ್ದು. ಅದಕ್ಕೇ ಈ ಸಲ ಯಾರೂ ಕೈ ಹಚ್ಚಬಾರದು ಅಂತ ಹಠ.

ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ದಿನ ಕೂತಳು. ಅವಳು ಕಟ್ಟುತ್ತಿದ್ದುದನ್ನು ನಾನು ರಾಕೆಟ್ಟು ಅಂದರೆ, "ರಾಕೆಟ್ ಅಲ್ಲಜ್ಜಿ, ಸ್ಪೇಸ್‌ಶಿಪ್ಪು. ಇದರಲ್ಲಿ ಜನ ಇರ್ತಾರೆ" ಅಂತ ತಿದ್ದುತ್ತಿದ್ದಳು. ಮುಂದೆ ಓಡಿಸೋನು ಕೂರುವ ಜಾಗ, ಅದಕ್ಕೆ ಗಾಜಿನಂಥ ಒಂದು ಚೂರು. ಎರಡು ಕಡೆ ರೆಕ್ಕೆ. ಹಳದಿ ಸಾಲದೆ ಒಂದು ರೆಕ್ಕೆಗೆ ಕೆಂಪು ಬಿತ್ತು, ಆಮೇಲೆ ಇನ್ನೊಂದಕ್ಕೂ ಕೆಂಪು ಸೇರಿಸಿ ಸಮ ಮಾಡಿದಳು. ಹಿಂದೆ ಎತ್ತರದ ಬಾಲ.

"ಅಡುಗೆ ಎಲ್ಲಿ ಮಾಡ್ತಾರೆ?" ಅಂತ ನಾನು ಕೇಳಿದೆ.

"ಅಲ್ಲಿ ಅಡುಗೆ ಇಲ್ಲ, ಗುಳಿಗೆ ತಿಂತಾರೆ."

"ಹಾಗಾದ್ರೆ ಬೇಗ ವಾಪಸ್ ಬರ್ತಾರೆ ಬಿಡು."

ಸಂಜೆ ನೋಡಿದರೆ ನಡುವೆ ಒಂದು ಪುಟ್ಟ ಕೋಣೆ ಎದ್ದಿತ್ತು. ಕೇಳಿದ್ದಕ್ಕೆ "ಸ್ಟೋರ್ ರೂಮು" ಅಂದಳು.

ಆಯುಧಪೂಜೆ ಬಂತು. ಬೆಳಿಗ್ಗೆ ಕುಡುಗೋಲು, ಈಳಿಗೆಮಣೆ, ನಮ್ಮ ಯಜಮಾನರ ಸ್ಪ್ಯಾನರು, ಅವರ ಸೈಕಲ್ಲು ಎಲ್ಲ ತೊಳೆದು ಸಾಲಾಗಿ ಇಟ್ಟೆ. ಸ್ಪೇಸ್‌ಶಿಪ್ಪೂ ಒಂದು ಗಾಡಿ ತಾನೆ. ಅದನ್ನೊಂದು ಬಿಟ್ಟು ಪೂಜೆ ಮಾಡಿದರೆ ಏನು ಚೆನ್ನ ಅಂತ ಅದನ್ನೂ ತಂದಿಟ್ಟೆ. ಸಿಂಧು ಸ್ನಾನಕ್ಕೆ ಹೋಗಿದ್ದಳು. ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಒಂದು ಸೇವಂತಿಗೆ ಸಿಕ್ಕಿಸಿದೆ. ಸೈಕಲ್ ಚಕ್ರದಡಿ ನಿಂಬೆಹಣ್ಣು ಇಟ್ಟು ದೂಡಿದೆ, ಪಚಕ್ ಅಂತು. ಆಮೇಲೆ ಸ್ಪೇಸ್‌ಶಿಪ್ಪಿನ ಮೂತಿಯಡಿಯೂ ಒಂದು ಇಟ್ಟು ಹಿಂದಿನಿಂದ ದೂಡಿದೆ.

ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಮೂತಿ ಮೇಲಕ್ಕೆದ್ದಿತು, ನಡು ಲಟಕ್ಕನೆ ಮುರಿದು ಎಲ್ಲ ಚೆಲ್ಲಿತು. ಅರ್ಧ ಹೋಗಿ ಪೂಜೆಗಿಟ್ಟ ಮಂಡಕ್ಕಿ ಬುಟ್ಟಿಯಲ್ಲಿ ಬಿತ್ತು.

ಸಿಂಧು ಒದ್ದೆ ತಲೆಯಲ್ಲೇ ಬಂದು ನಿಂತಳು. ಅಳಲಿಲ್ಲ.

"ಯಾಕಜ್ಜಿ ನಿಂಬೆಹಣ್ಣು ಇಟ್ಟೆ?"

"ಗಾಡಿಗೆ ಇಡದೆ ಇರ್ತಾರೇನೆ?"

"ಇದಕ್ಕೆ ಚಕ್ರ ಎಲ್ಲಿದೆ?"

ನಮ್ಮ ಯಜಮಾನರು, "ಮಾರಾಯ್ತಿ, ಮೇಲೆ ಹಾರೋದಕ್ಕೆ ರಸ್ತೆ ಪೂಜೆ ಮಾಡಿದ್ಯಲ್ಲೇ" ಅಂದರು. ನೀವು ಸುಮ್ಮನಿರಿ ಅಂದೆ. ತಪ್ಪಾಯ್ತು ಅನ್ನುವುದು ನನ್ನ ಬಾಯಲ್ಲಿ ಬರುವ ಮಾತಲ್ಲ. ಅವತ್ತೂ ಬರಲಿಲ್ಲ. ಕೂತು ಮಂಡಕ್ಕಿ ಜರಡಿ ಹಿಡಿದು ಚೂರುಗಳನ್ನು ಆರಿಸಿಕೊಟ್ಟೆ. ಅವಳು ಅವನ್ನು ತಗೊಂಡಳು, ಹಬ್ಬಕ್ಕೆ ಮಾಡಿದ ಹೋಳಿಗೆ ಮಾತ್ರ ಮುಟ್ಟಲಿಲ್ಲ.

ಸ್ಕೂಲಿಗೆ ಇನ್ನು ಮೂರೇ ದಿನ. ಮಾರನೇ ದಿನ ಮತ್ತೆ ಕಟ್ಟಲು ಕೂತಳು. ಎತ್ತಿ ನೋಡುವಾಗ ಅದೇ ನಡುವಿನಲ್ಲಿ ಮುರೀತು. ಮತ್ತೆ ಕಟ್ಟಿದಳು, ಮತ್ತೆ ಮುರೀತು. ನಾನು ಅಕ್ಕಿ ಆರಿಸುತ್ತ ನೋಡುತ್ತಲೇ ಇದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮದುವೆಗೆ ಮುಂಚೆ ಆರು ವರ್ಷ, ಆಮೇಲೆ ನಾಲ್ಕು ವರ್ಷ ಗಾರೆ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು. ಕಾರ್ಖಾನೆ ಕಡೆಯ ಮನೆಗಳಿಗೆಲ್ಲ ಹೊತ್ತಿದ್ದೀನಿ. ಅಲ್ಲಿದ್ದ ತಮಿಳು ಮೇಸ್ತ್ರಿ ಸಂದಿನ ಮೇಲೆ ಸಂದು ಬಂದರೆ ಕಾಲಲ್ಲಿ ಒದ್ದು ಗೋಡೆ ಕೆಡವುತ್ತಿದ್ದ.

"ನಿನ್ನ ಇಟ್ಟಿಗೆ ಎಲ್ಲ ಒಂದರ ನೆತ್ತಿ ಮೇಲೊಂದು ಕೂತಿದೆ" ಅಂದೆ. "ನಡುವಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಸಂದು. ಮುರೀದೆ ಏನು ಮಾಡುತ್ತೆ?"

"ನಿಂಗೆ ಸ್ಪೇಸ್‌ಶಿಪ್ ಬಗ್ಗೆ ಏನಜ್ಜಿ ಗೊತ್ತು?"

"ಏನೂ ಗೊತ್ತಿಲ್ಲ. ಇಟ್ಟಿಗೆ ಗೊತ್ತು."

"ಕೈ ಹಚ್ಚಬೇಡ."

"ಹಚ್ಚಲ್ಲ. ಹೊರಗೆ ಬಾ."

ಹಿತ್ತಲಿನ ಕಾಂಪೌಂಡ್ ಗೋಡೆಯಲ್ಲಿ ಸಿಮೆಂಟು ಉದುರಿದ ಜಾಗ ತೋರಿಸಿದೆ. ಎರಡು ಇಟ್ಟಿಗೆ ಸೇರುವ ಸಂದಿನ ಮೇಲೆ ಮೂರನೆಯದರ ಹೊಟ್ಟೆ ಕೂತಿರುತ್ತೆ. ಅವಳು ಬೆರಳಿಟ್ಟು ಮೇಲಿನ ಸಾಲು ಕೆಳಗಿನ ಸಾಲು ನೋಡಿದಳು. ಆಮೇಲೆ ಒಳಗೆ ಹೋದಳು.

ಹಾಗೆ ಕಟ್ಟಬೇಕಾದರೆ ಉದ್ದದ ಬ್ಲಾಕ್ಸ್ ಜಾಸ್ತಿ ಬೇಕಾಯ್ತು. ಅವೆಲ್ಲ ಬಾಲದಲ್ಲಿದ್ದವು. ಬಾಲ ಅವಳಿಗೆ ಬಲು ಇಷ್ಟ. ಒಂದು ಮಧ್ಯಾಹ್ನ ಪೂರ್ತಿ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದು ಕೊನೆಗೆ ಬಿಚ್ಚಿದಳು. ಆಗ ಮೊದಲಿನ ಡಿಸೈನು ಹೋಯ್ತು. ಇದು ಮೋಟು ಬಾಲದ, ದಪ್ಪ ಹೊಟ್ಟೆಯ ಇನ್ನೊಂದೇ ಆಯ್ತು. ಸ್ಟೋರ್ ರೂಮು ಮಾತ್ರ ಉಳಿಸಿಕೊಂಡಳು. ನಾನು ಒಂದು ಚೂರನ್ನೂ ಮುಟ್ಟಲಿಲ್ಲ.

ವಸ್ತುಪ್ರದರ್ಶನದ ದಿನ ಬೆಳಿಗ್ಗೆ ಬಿದಿರು ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ, ಅದನ್ನಿಟ್ಟು ತೊಡೆ ಮೇಲೆ ಇರಿಸಿಕೊಂಡು ಶಿವಮೊಗ್ಗ ಬಸ್ಸು ಹತ್ತಿದೆವು.

ಕಂಡಕ್ಟರ್ ಬಂದು, "ಏನಜ್ಜಿ, ಕೋಳಿನಾ?" ಅಂದ.

"ಸ್ಪೇಸ್‌ಶಿಪ್ಪು."

"ಹಾರ್ಕೊಂಡೇ ಹೋಗಬಹುದಿತ್ತಲ್ಲ, ನಮ್ಮ ಬಸ್ಸು ಯಾಕೆ?"

ದಾರಿಯಲ್ಲಿ ಒಂದು ಗುಂಡಿಗೆ ಬಸ್ಸು ಎಗರಿ ಬಿತ್ತು. ನಮ್ಮಿಬ್ಬರ ತಲೆ ಸರಳಿಗೆ ಬಡೀತು. ಸಿಂಧು ತಲೆ ಮುಟ್ಟಿಕೊಳ್ಳುವ ಬದಲು ಸೀರೆ ಸರಿಸಿ ನೋಡಿದಳು. ಒಂದು ಚೂರೂ ಕದಲಿರಲಿಲ್ಲ. ಆಯುಧಪೂಜೆ ಆದಮೇಲೆ ಮೊದಲನೇ ಸಲ ನನ್ನ ಮುಖ ನೋಡಿ ನಕ್ಕಳು.

ಸ್ಕೂಲಿನಲ್ಲಿ ಬಹುಮಾನ ಕೊಡೋಕೆ ಬಂದ ಮೇಷ್ಟ್ರು ಒಬ್ಬರು ಅದನ್ನು ಒಂದೇ ರೆಕ್ಕೆ ಹಿಡಿದು ಎತ್ತಿದರು. ನಾನು ಅದರಡಿ ಎರಡೂ ಕೈ ಒಡ್ಡಿದೆ. ಮುರೀಲಿಲ್ಲ. ಅಲ್ಲಾಡಿಸಿಯೂ ನೋಡಿದರು.

"ಪರವಾಗಿಲ್ಲ, ಗಟ್ಟಿಯಾಗಿದೆ. ಪೂರ್ತಿ ನೀನೇ ಮಾಡಿದ್ದಾ?"

ಪಕ್ಕದಲ್ಲೇ ಕ್ಲಾಸಿನ ನಾಲ್ಕು ಹುಡುಗಿಯರು ಕಿವಿಗೊಟ್ಟು ನಿಂತಿದ್ದರು. ಹೂಂ ಅಂದುಬಿಡು ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ. ಹಾಗಂದಿದ್ದರೂ ಸುಳ್ಳಾಗುತ್ತಿರಲಿಲ್ಲ, ಕಟ್ಟಿದವಳು ಅವಳೇ.

ಸಿಂಧು ಆ ಹುಡುಗಿಯರ ಕಡೆ ಒಂದು ಸಲ ನೋಡಿ, "ಡಿಸೈನ್ ನಂದು ಸಾರ್. ಗೋಡೆ ಕಟ್ಟೋದು ಹೇಳಿಕೊಟ್ಟಿದ್ದು ನಮ್ಮಜ್ಜಿ" ಅಂತ ನನ್ನನ್ನು ತೋರಿಸಿದಳು.

ಮೇಷ್ಟ್ರು ನನಗೆ ಕೈ ಮುಗಿದರು. ನಾನು ಸೆರಗು ಸರಿಮಾಡಿಕೊಂಡೆ. ಹತ್ತು ವರ್ಷ ಇಟ್ಟಿಗೆ ಹೊತ್ತಿದ್ದೀನಿ, ಎಷ್ಟೋ ಮನೆ ಎದ್ದಿವೆ. ಗೃಹಪ್ರವೇಶದ ದಿನ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕೂರಿಸಿದ್ದು ಬಿಟ್ಟರೆ ಈ ಗೋಡೆಯಲ್ಲಿ ನಿನ್ನ ಕೈಯಿದೆ ಅಂತ ಯಾರೂ ಅಂದವರಿಲ್ಲ.

ಮೊದಲನೇ ಬಹುಮಾನ ಯಾರೋ ಮಾಡಿ ತಂದಿದ್ದ ಹೊಗೆ ಬಿಡುವ ಬೆಟ್ಟಕ್ಕೆ ಹೋಯ್ತು. ಇವಳಿಗೆ ಮೂರನೆಯದು, ಒಂದು ಸ್ಟೀಲ್ ಲೋಟ. ಅವಳ ಮನೆಗೆ ನಡೆದು ಹೋಗುವಾಗ ನಾನೇ ಅಂದೆ, "ನಿಂಬೆಹಣ್ಣು ಇಟ್ಟಿದ್ದು ನನ್ನ ತಪ್ಪು ಕಣೆ."

"ಹೌದು, ನಿಂದೇ ತಪ್ಪು" ಅಂದಳು. ಬೇರೆ ಮಕ್ಕಳಾದರೆ ಪರವಾಗಿಲ್ಲ ಬಿಡಜ್ಜಿ ಅಂತಿದ್ದವು. ಇವಳು ನನ್ನ ಮೊಮ್ಮಗಳು.

ಈಗಲೂ ಆಯುಧಪೂಜೆಗೆ ನಿಂಬೆಹಣ್ಣು ಇಡ್ತೀನಿ. ಇಡುವ ಮುಂಚೆ ಚಕ್ರ ಇದೆಯಾ ಅಂತ ಬಗ್ಗಿ ನೋಡ್ತೀನಿ.