ಜಡ್ಡಿಲ್ಲದ ಕೂಸಿಗೆ ಗುಳಿಗೆ

ಮೊನ್ನೆ ಸೊಸೆ ಮೊಮ್ಮಗಳಿಗೆ ಜ್ವರದ ಗುಳಿಗೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕಲಸುತ್ತಿದ್ದಳು. ಬೆಲ್ಲದ ಸಿಹಿಯೊಳಗಿಂದ ಔಷಧದ ಕಹಿ ವಾಸನೆ ಎದ್ದು ಬಂತು. ಯರಗುಪ್ಪಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಅಲ್ಲಿ ನೆಲದ ಮೇಲೆ ಕೂತು ನನ್ನ ಮಗಳ ಬಾಯಿಗೆ ಇಂಥದೇ ಚಮಚ ಹಿಡಿದಿದ್ದ ನರ್ಸಬಾಯಿ ಕಂಡರು...

ಎಂಬತ್ತರ ದಶಕದ ಮಾತು. ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗಂಡನಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಕುಂದಗೋಳದ ದವಾಖಾನೆಯಲ್ಲಿ ಕಫ ನೋಡಿ ಟಿ.ಬಿ. ಎಂದರು. ಅವರಿಗೆ ಔಷಧ ಶುರುವಾಯಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರಿಗೆ ರೋಗ ಬರದಂತೆ ಆರು ತಿಂಗಳು ದಿನಾ ಗುಳಿಗೆ ಕೊಡಬೇಕು, ವಾರಕ್ಕೊಮ್ಮೆ ಕರೆದುಕೊಂಡು ಬಾ ಎಂದೂ ಹೇಳಿದರು. ಮಗಳಿಗೆ ನಾಲ್ಕು ವರ್ಷ, ಮಗ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಎರಡು ವಾರ ಇಬ್ಬರನ್ನೂ ಕಟ್ಟಿಕೊಂಡು ಹೋದೆ. ಬಸ್ಸಿಗೆ ಕಾದು, ಸಾಲಿನಲ್ಲಿ ನಿಂತು, ‘ಇವತ್ತ ಗುಳಿಗಿ ಬಂದಿಲ್ಲ, ನಾಳೆ ಬಾ’ ಎನ್ನಿಸಿಕೊಂಡೆ. ಗಂಡ ಹಾಸಿಗೆ ಹಿಡಿದ ಮನೆಯಲ್ಲಿ ಹೊಲದ ಕೆಲಸಕ್ಕೆ ಹೋಗುವವಳು ನಾನೊಬ್ಬಳೇ. ಮೂರನೇ ವಾರ ಹೋಗಲಿಲ್ಲ.

ನರ್ಸಬಾಯಿ ನಮ್ಮೂರಿಗೆ ಬರುತ್ತಿದ್ದದ್ದು ಬಾಣಂತಿಯರನ್ನು ನೋಡಲು, ಮಕ್ಕಳಿಗೆ ಸೂಜಿ ಹಾಕಲು. ದವಾಖಾನೆಯ ವಹಿಯಲ್ಲಿ ನನ್ನ ಮಕ್ಕಳ ಹೆಸರಿನ ಮುಂದೆ ಖಾಲಿ ಬಿದ್ದದ್ದನ್ನು ನೋಡಿ ನೇರ ಮನೆಗೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಎಲ್ಲ ಕೇಳಿಸಿಕೊಂಡು, “ನಿನಗ ಬರಾಕ ಆಗಂಗಿಲ್ಲ ಅಂದ್ರ ಗುಳಿಗಿನ ಬರ್ತಾವ ಬಿಡು, ತಂಗಿ,” ಎಂದರು.

ನಮ್ಮತ್ತೆ ಒಪ್ಪಲಿಲ್ಲ. “ಅಲ್ಲವಾ, ಜಡ್ಡ ಇರೂದು ನನ್ನ ಮಗಗ. ಜಡ್ಡಿಲ್ಲದ ಕೂಸಿಗೆ ಯಾಕ ಗುಳಿಗಿ ನುಂಗಸ್ತಿ?”

“ಜಡ್ಡ ಬಂದ ಮ್ಯಾಲೆ ನೋಡಾಕ ಡಾಕ್ಟರ್ ಅದಾರ, ಆಯಿ. ಬರದಂಗ ನೋಡಾಕ ನಾ ಬಂದೀನಿ.”

ನಮ್ಮ ಓಣಿಯಲ್ಲೇ ಅಂಥ ಮನೆಗಳು ಇನ್ನೂ ಮೂರಿದ್ದವು. ಎದುರು ಮನೆಯವಳ ಗಂಡ ಅದೇ ಕೆಮ್ಮಿನಲ್ಲಿ ತೀರಿಹೋಗಿದ್ದ. ಅವಳಿಗೆ ಮೂರು ವರ್ಷದ ಒಬ್ಬಳೇ ಮಗಳು. ನರ್ಸಬಾಯಿಗೆ ದಿನಾ ಬರಲು ಸಾಧ್ಯವಿರಲಿಲ್ಲ. ನಾನು ಏಳನೇ ತರಗತಿ ಓದಿದವಳೆಂದು ತಿಳಿದು, ಒಂದು ಉದ್ದ ಹಾಳೆಗೆ ಗೆರೆ ಎಳೆದು ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಓಣಿಯ ಮಕ್ಕಳು ನಮ್ಮ ಪಡಸಾಲೆಗೆ ಬರಬೇಕು, ನನ್ನ ಕಣ್ಣೆದುರೇ ನುಂಗಬೇಕು, ನಾನು ಗುರುತು ಹಾಕಬೇಕು. ವಾರಕ್ಕೊಮ್ಮೆ ಅವರು ಬಂದು ಪ್ರತಿ ಮಗುವಿನ ಕಣ್ಣು ಹಳದಿಯಾಗಿದೆಯೋ, ಊಟ ಸೇರುತ್ತಿದೆಯೋ ನೋಡಿ ಮುಂದಿನ ಗುಳಿಗೆ ಕೊಟ್ಟುಹೋಗುವರು. ಎದುರು ಮನೆಯ ಕೂಸು ದಿನಾ ಎಲ್ಲರಿಗಿಂತ ಮೊದಲು ಬಂದು ಬಾಯಿ ತೆರೆದು ನಿಲ್ಲುತ್ತಿತ್ತು, ಬೆಲ್ಲದ ಆಸೆಗೆ.

ಎರಡು ತಿಂಗಳು ಹೀಗೇ ನಡೆಯಿತು. ನರ್ಸಬಾಯಿ ಊರಿನ ದೊಡ್ಡ ಮನೆಯೊಂದಕ್ಕೂ ಹೋಗಿ, ಕೆಮ್ಮುತ್ತಿದ್ದ ಸೊಸೆಯ ಕಫ ಪರೀಕ್ಷೆ ಮಾಡಿಸಿ ಎಂದರು. ಈ ನರ್ಸು ಮನೆ ಬಾಗಿಲಲ್ಲಿ ಕಂಡರೆ ಟಿ.ಬಿ. ಎಂದು ಜನ ಆಡಿಕೊಳ್ಳುತ್ತಾರೆ, ಮಗಳ ಮದುವೆ ನಿಂತೀತು ಎಂದು ಆ ಮನೆಯ ಯಜಮಾನ ಮೇಲಿನವರಿಗೆ ದೂರು ಕೊಟ್ಟ. ಅಷ್ಟೇ ಸಾಕಾಯಿತು. ದವಾಖಾನೆಯಲ್ಲಿ ಗುಳಿಗೆ ಇಲ್ಲವೆಂದಾಗ ಒಮ್ಮೆಯೂ ಬಾರದ ಜೀಪು ಆ ವಾರವೇ ನಮ್ಮ ಓಣಿಗೆ ಬಂತು!

“ಯಾರ ಹುಕುಂ ಮ್ಯಾಲೆ ಮನಿಮನಿಗೆ ಗುಳಿಗಿ ಹಂಚಾಕತ್ತಿ?” ಇಳಿದ ಸಾಹೇಬ ಎಲ್ಲರೆದುರು ನರ್ಸಬಾಯಿಗೆ ಕೂಗಿದ. “ದವಾಖಾನಿ ಯಾಕ ಕಟ್ಟೇವಿ?”

ಅವರು ನನ್ನ ಹಾಳೆಯನ್ನು ಮುಂದೆ ಹಿಡಿದರು. “ಇದನ್ನಷ್ಟು ನೋಡ್ರಿ, ಸಾಹೇಬ್ರ. ಒಂದ ದಿವಸ ಸೈತ ತಪ್ಪಿಲ್ರಿ. ದವಾಖಾನಿಯೊಳಗ ಕುಂತಿದ್ರ ಇದು ಆಗ್ತಿತ್ತೇನ್ರಿ?”

ಅವನು ನೋಡಲಿಲ್ಲ. ನನ್ನ ಕಡೆ ತಿರುಗಿ, “ಇಕೀನ್ನ ನೀವು ಕರಸೀರೇನು?” ಎಂದ.

ಒಳಗೆ ಗಂಡ ಕೆಮ್ಮುತ್ತಿದ್ದರು. ಅವರ ಔಷಧ ಬರುವುದೂ ಈ ಸಾಹೇಬನ ದವಾಖಾನೆಯಿಂದಲೇ. ಅದನ್ನೂ ನಿಲ್ಲಿಸಿಬಿಟ್ಟರೆ... “ಇಲ್ರಿ, ನಾವೇನ ಕರದಿಲ್ರಿ. ಅವರ ಬರ್ತಾರ,” ಎಂದೆ.

ನರ್ಸಬಾಯಿ ನನ್ನನ್ನೊಮ್ಮೆ ನೋಡಿ ಹಾಳೆ ಮಡಚಿದರು. ಸಾಹೇಬ ಗುಳಿಗೆಯ ಡಬ್ಬಿ ಎತ್ತಿಕೊಂಡು ಹೋದ. ಕೆಲವೇ ದಿನಗಳಲ್ಲಿ ಅವರನ್ನು ನವಲಗುಂದದ ಆಚೆ ವರ್ಗ ಮಾಡಿದರು.

ನನ್ನ ಮಕ್ಕಳು ಉಳಿದದ್ದು ಅತ್ತೆಯಿಂದ. ಮೊದಲು ಬೇಡವೆಂದ ಆ ಮುದುಕಿಯೇ ಉಳಿದ ನಾಲ್ಕು ತಿಂಗಳೂ ವಾರವಾರ ಇಬ್ಬರನ್ನೂ ಬಸ್ಸಿನಲ್ಲಿ ಕರೆದೊಯ್ದಳು. ಎದುರು ಮನೆಯ ಕೂಸನ್ನೂ ಕರೆದೊಯ್ಯಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನಮಗೆ ನಮ್ಮದೇ ಹೊರೆಯಾಗಿತ್ತು... ಮರುವರ್ಷ ಆ ಕೂಸಿಗೆ ಜ್ವರ ಬಂತು, ಕುತ್ತಿಗೆ ಸೆಟೆಯಿತು, ಸೆಳವು ಶುರುವಾಯಿತು. ಹುಬ್ಬಳ್ಳಿಗೆ ಒಯ್ದರು. ಟಿ.ಬಿ. ಮಿದುಳಿಗೆ ಏರಿದೆ ಎಂದರು. ಹೆಣ ತೆಗೆದುಕೊಳ್ಳಲು ನಿಂತ ತಾಯಿಗೆ ಅಲ್ಲಿಯ ಒಬ್ಬರು, “ಅರ್ಧಕ್ಕ ಗುಳಿಗಿ ಯಾಕ ಬಿಟ್ಟಿ?” ಎಂದು ಗದರಿಸಿದರಂತೆ. ಬಿಟ್ಟವಳು ಅವಳೇ? ಬಾಯಿಯವರೆಗೆ ಬಂದ ಗುಳಿಗೆಯನ್ನು ಕಸಿದು ಜೀಪಿನಲ್ಲಿ ಇಟ್ಟುಕೊಂಡು ಹೋದವರನ್ನು ಯಾರು ಗದರಿಸಿದರು?

ಅದಾಗಿ ಎರಡೋ ಮೂರೋ ವರ್ಷಕ್ಕೆ ಅಣ್ಣಿಗೇರಿಯ ಬಸ್‌ ನಿಲ್ದಾಣದಲ್ಲಿ ನರ್ಸಬಾಯಿ ಸಿಕ್ಕರು. ನಾನು ಮುಖ ಮರೆಸಿಕೊಳ್ಳುವಷ್ಟರಲ್ಲಿ ಅವರೇ ಬಂದು ಕೈ ಹಿಡಿದರು. ನನ್ನ ಮಕ್ಕಳ ಬಗ್ಗೆ ಕೇಳಿದರು. ಆಮೇಲೆ, “ಆ ಎದುರ ಮನಿ ಕೂಸು?” ಎಂದರು. ಹೇಳಿದೆ. “ಇನ್ನ ನಾಕ ತಿಂಗಳದ್ದ ಇತ್ತಲ್ಲ, ತಂಗಿ...” ಎಂದರು. ಆ ದಿನ ನಾನಾಡಿದ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ಬಸ್ಸು ಬಂತು.

ಮುಂದೆ ನಾನು ಅಂಗನವಾಡಿ ಕೆಲಸಕ್ಕೆ ಸೇರಿದೆ. ನವಲಗುಂದದ ಕಡೆಯಿಂದ ತರಬೇತಿಗೆ ಬಂದಿದ್ದವಳೊಬ್ಬಳು, ಯರಗುಪ್ಪಿಯ ಕಡೆಯಿಂದ ವರ್ಗವಾಗಿ ಬಂದಿದ್ದ ನರ್ಸಬಾಯಿ ನಿವೃತ್ತಿಗೆ ಮುಂಚೆಯೇ ತೀರಿಕೊಂಡರು ಎಂದಳು.

ಈಗ ಆಶಾ ಕಾರ್ಯಕರ್ತೆ ಪಕ್ಕದ ಮನೆಗೆ ಬಂದು, ಟಿ.ಬಿ. ಬರದಂತೆ ಮಕ್ಕಳಿಗೆ ಅಂಥದೇ ಗುಳಿಗೆ ಕೊಟ್ಟುಹೋಗುತ್ತಾಳೆ. ಮನೆಗೇ ಹೋಗಿ ಕೊಡಬೇಕೆಂಬುದು ಈಗ ಮೇಲಿನವರದೇ ಆದೇಶ. ಮೊನ್ನೆ ಅವಳು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತ, “ಮೊದಲ ಹಿಂಗ ಮನಿಗೆ ಬಂದು ಯಾರೂ ಕೊಡ್ತಿದ್ದಿಲ್ಲ ಅಲ್ರಿ, ಅಜ್ಜಿ?” ಎಂದಳು. ನಾನು ಸಿಟ್ಟಿನಿಂದಲೇ ಎಲ್ಲ ಹೇಳಿದೆ. ಅವಳು ಗ್ಲಾಸು ಕೆಳಗಿಟ್ಟು, “ಅವರ ಹೆಸರೇನ್ರಿ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾವು ಯಾರೂ ಕೇಳಿರಲೇ ಇಲ್ಲ. ಜೀಪಿನಲ್ಲಿ ಬಂದ ಸಾಹೇಬನ ಹೆಸರು ಮಾತ್ರ ಅಡ್ಡಹೆಸರಿನ ಸಮೇತ ನೆನಪಿದೆ.