ಕೆಂಪು ಬಳಿಯಬೇಕಿದ್ದ ಜನವರಿ

ಹೊಟ್ಟೆಪಾಡಿಗೆ ಜನ ಏನೇನೋ ಮಾಡುತ್ತಾರೆ. ನಾನು ಕುವೈತಿನಲ್ಲಿ ಕೂತು ರಷ್ಯಾದ ಚಳಿಯನ್ನು ಟೈಪ್ ಮಾಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಫರ್ವಾನಿಯಾದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ತೈಲ ವ್ಯಾಪಾರಿಗಳಿಗೆ ತಿಂಗಳಿಗೊಂದು ವರದಿ ಮಾರುವುದು ಕಂಪನಿಯ ಕಸುಬು. ಅಲ್ಲಿ ಚಳಿ ಹೆಚ್ಚಾದರೆ ಮನೆ ಬೆಚ್ಚಗಿಡಲು ಎಣ್ಣೆ ಹೆಚ್ಚು ಬೇಕು, ಇಲ್ಲಿ ವ್ಯಾಪಾರಿಗಳಿಗೆ ಅದು ಮೊದಲೇ ಗೊತ್ತಾಗಬೇಕು. ಇಷ್ಟೇ ಅದರ ಗುಟ್ಟು.

ಪ್ರತಿ ತಿಂಗಳ ಮೊದಲ ವಾರ ಫ್ಯಾಕ್ಸ್ ಯಂತ್ರ ಕರಕರ ಎನ್ನುತ್ತ ಉದ್ದನೆಯ ಹಾಳೆ ಕಕ್ಕುತ್ತಿತ್ತು. ನಾಲಿಗೆ ಹೊರಳದ ಊರುಗಳ ಹೆಸರು, ಪಕ್ಕದಲ್ಲಿ ಆ ತಿಂಗಳ ಸರಾಸರಿ ಉಷ್ಣಾಂಶ, ಕೊನೆಯಲ್ಲಿ ಅದು ವಾಡಿಕೆಗಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬ ಅಂಕಿ. ಹಳೆಯ ದಾಖಲೆ ಮುರಿದ ಊರಿಗೆ ಒಂದು ನಕ್ಷತ್ರದ ಗುರುತು. ನಾಲ್ಕು ವರ್ಷ ಇದನ್ನೇ ಹೊಡೆದೆ. ಗಾಣದೆತ್ತಿಗಾದರೂ ಎಣ್ಣೆಯ ವಾಸನೆ ಸಿಗುತ್ತದೆ, ನನಗೆ ಹಿಮದ ಒಂದು ಹನಿಯೂ ಕಾಣಸಿಗಲಿಲ್ಲ.

ನಾನು ಟೈಪ್ ಮಾಡಿದ್ದನ್ನು ನೋಡಿ ನಕ್ಷೆಗೆ ಬಣ್ಣ ತುಂಬುವವರು ಕಾಕ. ಪುತ್ತೂರು ಕಡೆಯ ಬ್ಯಾರಿ, ಐವತ್ತೆಂಟು ದಾಟಿದವರು. ವಾಡಿಕೆಗಿಂತ ಬೆಚ್ಚಗಿದ್ದ ಊರಿಗೆ ಕೆಂಪು ಪೆನ್ಸಿಲ್, ತಣ್ಣಗಿದ್ದ ಊರಿಗೆ ನೀಲಿ. ಊರಿನಲ್ಲಿ ನಮ್ಮ ಕ್ರಿಸ್ತುವ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಅವರ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಕೊಂಕಣಿ ಅವರಿಗೆ ಬಾರದು. ಹಾಗಾಗಿ ನಮ್ಮ ಮಾತು, ಜಗಳ, ಚಾ ಎಲ್ಲವೂ ಕನ್ನಡದಲ್ಲಿ. ಫ್ಯಾಕ್ಸಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಯುತ್ತಿರಲಿಲ್ಲ.

“ನೀವು ಹೊಡೆದದ್ದು ಸಮ ಇರ್ತದೆ ಬಾಯಮ್ಮ. ನಾನು ಪುನಃ ಎಂತ ನೋಡುದು?” ಎನ್ನುತ್ತಿದ್ದರು.

ಅವರ ಕಿರಿಯ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. “ಇನ್ನು ಎರಡು ವರ್ಷ. ಇವಳದ್ದೊಂದು ಮುಗಿದ್ರೆ ಖಲಾಸ್. ಮತ್ತೆ ಒಂದು ದಿನ ನಾನು ಇಲ್ಲಿ ನಿಲ್ಲುದಿಲ್ಲ.” ಆ ಫೆಬ್ರವರಿಯಲ್ಲಿ ಅವರ ಇಕಾಮಾ, ಅಂದರೆ ಕುವೈತಿನಲ್ಲಿರುವ ಪರವಾನಗಿ, ಮುಗಿಯುವುದರಲ್ಲಿತ್ತು. ಇನ್ನೆರಡು ವರ್ಷ ಇರಲು ಮ್ಯಾನೇಜರನ ಸಹಿ ಬೇಕಿತ್ತು. ಅವನೋ, ಹೊಸ ಕಂಪ್ಯೂಟರೇ ನಕ್ಷೆ ಬರೆಯುವಾಗ ಬಣ್ಣದ ಪೆನ್ಸಿಲಿನ ಮುದುಕ ಯಾಕೆ ಎಂದು ಆಗಲೇ ಗೊಣಗಲು ಶುರು ಮಾಡಿದ್ದ.

ಜನವರಿಯ ಹಾಳೆ ಬಂದ ದಿನ ನನಗೆ ಮೈಯೆಲ್ಲ ನೋವು. ಕುವೈತಿನಲ್ಲೂ ಚಳಿ ಬೀಳುತ್ತದೆ ಎಂದರೆ ಊರಿನವರು ನಗುತ್ತಾರೆ. ಎಂಟು ಡಿಗ್ರಿಗೇ ನನ್ನ ಹಲ್ಲು ಕಟಕಟ. ನನ್ನ ಮಗಳಿಗೆ ಒಂದು ವಾರದಿಂದ ಕೆಮ್ಮು, ಗಂಡನಿಗೆ ಸಬ್ಹಾನಿನ ಗೋದಾಮಿನಲ್ಲಿ ಎರಡು ಪಾಳಿ. ಎರಡು ಸ್ವೆಟರ್ ಹಾಕಿ ಕೂತು ಹಾಳೆ ನೋಡಿದೆ. ಯಾವುದೋ ಒಂದು ಊರು: ಸರಾಸರಿ ಮೈನಸ್ ಹದಿನೆಂಟು, ವಾಡಿಕೆಗಿಂತ ಪ್ಲಸ್ ಏಳು. ಅದರ ಕೆಳಗೂ ಪ್ಲಸ್, ಅದರ ಕೆಳಗೂ ಪ್ಲಸ್. ಪುಟ ತುಂಬ ಪ್ಲಸ್, ನಕ್ಷತ್ರದ ಮೇಲೆ ನಕ್ಷತ್ರ.

ಹಿಂದಿನ ತಿಂಗಳುಗಳಲ್ಲಿ ಪ್ಲಸ್, ಮೈನಸ್ ಎರಡೂ ಬೆರೆತು ಬರುತ್ತಿದ್ದವು, ನಾನು ಯೋಚಿಸದೆ ಹೊಡೆಯುತ್ತಿದ್ದೆ. ಆವತ್ತು ಯೋಚಿಸಿದೆ, ಅದೇ ಎಡವಟ್ಟಾಯಿತು. ಎಂಟು ಡಿಗ್ರಿಗೆ ನಾನು ಸಾಯುತ್ತಿದ್ದೇನೆ, ಮೈನಸ್ ಹದಿನೆಂಟರಲ್ಲಿ ಎಲ್ಲಿಂದ ಬಂತು ಬಿಸಿ? ಫ್ಯಾಕ್ಸಿನ ಮಸಿ ಹರಡಿ ಮೈನಸ್‌ಗಳ ಮೇಲೆ ಗೀಟು ಬಿದ್ದಿರಬೇಕು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಪುಟದಲ್ಲಿದ್ದ ಅಷ್ಟೂ ಪ್ಲಸ್‌ಗಳನ್ನು ಮೈನಸ್ ಮಾಡಿ ಹೊಡೆದೆ. ಅತಿಬುದ್ಧಿ, ಬೇರೇನಲ್ಲ.

ಕಾಕ ಇಡೀ ದೇಶಕ್ಕೆ ನೀಲಿ ಬಳಿದರು. “ಈ ಸಲ ಭಾರೀ ಚಳಿ ಮಾರಾಯ್ತಿ, ನೀಲಿ ಪೆನ್ಸಿಲೇ ಮುಗೀತು!” ಎಂದು ನಕ್ಕರು. ನಾನೂ ನಕ್ಕೆ.

ವರದಿ ಹೋದ ನಾಲ್ಕನೇ ದಿನ ಮ್ಯಾನೇಜರನ ಕೋಣೆಯಲ್ಲಿ ಫೋನಿನ ಮೇಲೆ ಫೋನು. ರಷ್ಯಾದಲ್ಲಿ ಅಷ್ಟು ಬೆಚ್ಚಗಿನ ಜನವರಿಯನ್ನು ತಾವು ಕಂಡೇ ಇಲ್ಲ ಎಂದು ಅಲ್ಲಿಯವರೇ ಹೇಳುತ್ತಿರುವಾಗ ನೀವು ನೀಲಿ ನಕ್ಷೆ ಕಳಿಸಿದ್ದೀರಲ್ಲ ಎಂದು ಗಿರಾಕಿಗಳು ಉಗಿಯುತ್ತಿದ್ದರು. ಅವನು ನಮ್ಮಿಬ್ಬರನ್ನೂ ಕರೆದು ನಕ್ಷೆಯನ್ನು ಮೇಜಿಗೆ ಬಡಿದ. ಯಾರ ತಪ್ಪು ಇದು ಎಂದು ಇಂಗ್ಲಿಷಿನಲ್ಲಿ ಕೂಗಿದ.

ಕಾಕನ ಕೈಯಲ್ಲಿ ಫ್ಯಾಕ್ಸಿನ ಹಾಳೆ ಇತ್ತು. ಫೋನುಗಳ ಗಲಾಟೆ ಕೇಳಿ ಫೈಲಿನಿಂದ ತೆಗೆದು, ಭೂತಗನ್ನಡಿ ಹಿಡಿದು ನೋಡಿಕೊಂಡೇ ಬಂದಿದ್ದರು. ಮ್ಯಾನೇಜರನಿಗೆ ಅದನ್ನು ತೋರಿಸಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ ಹೇಳಿದರು:

“ಇದರಲ್ಲಿ ಪ್ಲಸ್ ಉಂಟು ಬಾಯಮ್ಮ. ನೀವೇ ಹೇಳಿ. ನನ್ನ ಬಾಯಿಂದ ಬೇಡ.”

ಕೆಲಸ ಹೋದರೆ ಮಗಳನ್ನು ಊರಿಗೆ ಕಳಿಸಬೇಕಾಗುತ್ತದೆ ಎಂದು ಮನಸ್ಸು ನೆಪ ಹುಡುಕಿತು. ನಾನು ಸರಿಯಾಗಿಯೇ ಟೈಪ್ ಮಾಡಿದ್ದೆ, ಬಣ್ಣ ಹಾಕಿದ್ದು ಇವರು ಎಂದು ಮ್ಯಾನೇಜರನಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಾಲಿಗೆ ಒಮ್ಮೆಯೂ ತೊದಲಲಿಲ್ಲ.

ಕಾಕ ಹಾಳೆಯನ್ನು ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟರು. “ಕಣ್ಣು ಸರಿ ಇಲ್ಲ ಸರ್” ಎಂದರು. ಮ್ಯಾನೇಜರನಿಗೆ ಅಷ್ಟೇ ಸಾಕಾಗಿತ್ತು, ನಾನು ಹೊಡೆದ ಹಾಳೆಯನ್ನು ತರಿಸಿ ನೋಡುವ ಗೋಜಿಗೂ ಹೋಗಲಿಲ್ಲ. ಇಕಾಮಾಕ್ಕೆ ಸಹಿ ಬೀಳಲಿಲ್ಲ.

ಆಮೇಲೆ ಹದಿನೆಂಟು ದಿನ ನಾವು ಎದುರುಬದುರು ಕೂತಿದ್ದೆವು. ಚಾ ಅವರೇ ತರುತ್ತಿದ್ದರು, ಮಗಳ ಕೆಮ್ಮು ಹೇಗುಂಟು ಎಂದು ಕೇಳುತ್ತಿದ್ದರು. ಒಮ್ಮೆ ಬೈದುಬಿಡಿ ಮಾರಾಯರೆ ಎನಿಸುತ್ತಿತ್ತು. ಪ್ರತಿದಿನ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಬರುತ್ತಿದ್ದೆ, ಸಂಜೆ ಹಾಗೆಯೇ ಬಸ್ಸು ಹತ್ತುತ್ತಿದ್ದೆ. ಮ್ಯಾನೇಜರನ ಕೋಣೆ ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರವೂ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಅವರ ಜೊತೆ ಬೀದಿಯವರೆಗೆ ಇಳಿದೆ. ಟ್ಯಾಕ್ಸಿ ನಿಂತಿತ್ತು. ಅಲ್ಲಿ, ಅಳುತ್ತ, ಎಲ್ಲವನ್ನೂ ಒಟ್ಟಿಗೆ ಹೇಳಿದೆ: ನನಗೆ ಹೆದರಿಕೆಯಾಯಿತು ಕಾಕ, ನನ್ನನ್ನು ತೆಗೆದುಹಾಕಿದ್ದರೆ ಮಗಳ ಶಾಲೆ ಏನಾಗುತ್ತಿತ್ತು, ನನ್ನ ಪರಿಸ್ಥಿತಿ ನಿಮಗೆ ಗೊತ್ತಲ್ಲ.

ಅವರು ಚೀಲವನ್ನು ಟ್ಯಾಕ್ಸಿಯೊಳಗಿಟ್ಟು ನನ್ನ ಕಡೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಿಮ್ಮನ್ನು ತೆಗೀತಿರ್ಲಿಲ್ಲ ಬಾಯಮ್ಮ. ಆ ಊರುಗಳ ಹೆಸರು ತಪ್ಪಿಲ್ಲದೆ ಹೊಡಿಯುವವರು ಅವನಿಗೆ ಬೇರೆ ಯಾರು ಸಿಕ್ತಾರೆ? ನಿಮಗೆ ಒಂದು ಬೈಗುಳ ಸಿಗ್ತಿತ್ತು, ಅಷ್ಟೆ. ಅದು ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು.”

ನನಗೆ ಗೊತ್ತಿತ್ತು.