ಮಳೆಯನ್ನೂ ಬಿಸಿಲನ್ನೂ ಒಟ್ಟಿಗೇ ಬೇಡಿದ ಬುಧವಾರ

ಕಳೆದ ವಾರ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಾಲುವೆ ದಾಟಿ ಸ್ವಲ್ಪ ದೂರ ಬಂದಿದ್ದೆವು, ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಆಗಷ್ಟೇ ಕೊಯ್ದು ರಸ್ತೆಯ ಮಗ್ಗುಲಿಗೆ ಹರವಿದ ಹಸಿ ಭತ್ತದ ವಾಸನೆ... ಒಂದಿಷ್ಟು ಹುಲ್ಲು, ಒಂದಿಷ್ಟು ಕೆಸರು, ಒಂದಿಷ್ಟು ಅನ್ನದ ಗಂಜಿ ಕಲೆಸಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ದೂಳಿಗೆ ಹೆದರಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿ, ಒಬ್ಬಳೇ ನಕ್ಕೆ. ಆ ವಾಸನೆ ಬಂದರೆ ಸಾಕು, ನನಗೆ ನರ್ಸಮ್ಮ ನೆನಪಾಗುತ್ತಾರೆ.

ಮದುವೆಯಾಗಿ ಸಿಂಧನೂರಿಗೆ ಬಂದಾಗ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಸರ್ಕಾರಿ ಆಸ್ಪತ್ರೆಯಿಂದ ಅವರು ಆಗಲೇ ನಿವೃತ್ತರಾಗಿದ್ದರು. ಆದರೂ ಗಡಿಯಾರದ ಮುಖವನ್ನು ಮುಂಗೈ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು, ನಾಡಿ ಹಿಡಿದು ಎಣಿಸುವವರ ಹಾಗೆ. ಸೊಪ್ಪು ಮಾರುವವಳು ಕೆಮ್ಮಿದರೂ ಇವರ ಬಾಗಿಲು ತೆರೆಯುತ್ತಿತ್ತು. ಬುಧವಾರ ಮಧ್ಯಾಹ್ನ ಮೂರಕ್ಕೆ ಅವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ನಾವು ಎಂಟೊಂಬತ್ತು ಹೆಂಗಸರು ಪ್ರಾರ್ಥನೆಗೆ ಸೇರುತ್ತಿದ್ದೆವು. ಕೊನೆಗೆ ಶುಂಠಿ ಚಹಾ ಇರುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಶುಂಠಿ! ಹೊಸದಾಗಿ ಬಂದವರು ಅದನ್ನು ಭಕ್ತಿಯ ಕಣ್ಣೀರೆಂದೇ ತಿಳಿದದ್ದೂ ಉಂಟು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆಳಗಿನ ಪ್ರಾರ್ಥನೆ, ಊಟದ ಪ್ರಾರ್ಥನೆ, ರೋಗಿಗಳಿಗಾಗಿ, ಪ್ರಯಾಣಿಕರಿಗಾಗಿ, ಜಗತ್ತಿನ ಶಾಂತಿಗಾಗಿ ಎಲ್ಲವೂ ಬಾಯಿಪಾಠ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ಕೂಡ ಸಿಸ್ಟರುಗಳು ಕಲಿಸಿದ್ದರು. ನನ್ನ ಪ್ರಾರ್ಥನೆ ಕೇಳಿ ಹೆಂಗಸರು "ಎಷ್ಟ್ ಚಂದ ಮಾಡ್ತಾಳ" ಎನ್ನುತ್ತಿದ್ದರು. ನನಗೂ ಒಳಗೊಳಗೇ ಹಿಗ್ಗು. ನರ್ಸಮ್ಮ ಮಾತ್ರ ಅಷ್ಟರಲ್ಲಿ ಚಹಾ ಇಡಲು ಎದ್ದಿರುತ್ತಿದ್ದರು...

ಅವರ ರೀತಿಯೇ ಬೇರೆ. ಯಾರಾದರೂ "ನಮ್ಮ ನಾದಿನಿಗೆ ಮೈಯಾಗ ಆರಾಮಿಲ್ಲ, ಪ್ರಾರ್ಥನಾ ಮಾಡ್ರಿ" ಎಂದರೆ ತಕ್ಷಣ ಕಣ್ಣು ಮುಚ್ಚುತ್ತಿರಲಿಲ್ಲ. "ಎಷ್ಟು ದಿನ ಆತು? ಉಣ್ತಾಳೋ ಇಲ್ಲೋ? ನೀ ಹೋಗಿ ನೋಡಿ ಬಂದೀಯೇನು?" ಎಂದು ವಿಚಾರಿಸುತ್ತಿದ್ದರು. ನೋಡಿಲ್ಲ ಎಂದರೆ ಮುಗಿಯಿತು. "ಹಂಗಾರ ಮೊದಲ ನೋಡಿಕೊಂಡು ಬಾ. ಮಾರಿ ನೋಡಲಾರದ ಏನಂತ ಕೇಳ್ತಿ?"

ಹಾಗಾದರೆ ದೂರದ ದೇಶಗಳ ಯುದ್ಧ, ಭೂಕಂಪ? ಅಲ್ಲಿಗೆ ಹೋಗಿ ನೋಡುವುದು ಹೇಗೆ? ನಾನೊಮ್ಮೆ ಜಾಣತನ ತೋರಿಸಲು ಕೇಳಿಯೇಬಿಟ್ಟೆ. ಅವರು ಪೇಪರನ್ನು ಮಡಚಿಟ್ಟು ಕನ್ನಡಕ ತೆಗೆದರು. "ಇಡೀ ದೇಶ ನನಗ ತಿಳಿಯಂಗಿಲ್ಲವ್ವ. ಆದ್ರ ಆ ಊರಾಗ ಒಂದು ದವಾಖಾನಿ ಇರ್ತೈತಿ. ಅದರಾಗ ಒಬ್ಬಾಕಿ ನರ್ಸ್ ಇರ್ತಾಳ. ಡ್ಯೂಟಿ ಮುಗಿದ್ರೂ ಮನಿಗೆ ಹೋಗಿರಂಗಿಲ್ಲ, ಕಾಲು ಬಾತಿರ್ತಾವ. ಆಕಿ ಸಲುವಾಗಿ ಕೇಳ್ತೀನಿ. ಆ ಕೆಲಸ ನನಗ ಗೊತ್ತೈತಲ್ಲ." ಅಂದಿನಿಂದ ಜಗತ್ತಿನ ಶಾಂತಿಗಾಗಿ ನಾನು ಬಾಯಿಪಾಠ ಮಾಡಿದ್ದ ಪ್ರಾರ್ಥನೆ ಗಂಟಲಲ್ಲಿ ಸ್ವಲ್ಪ ತಡವರಿಸತೊಡಗಿತು.

ಆ ಬುಧವಾರ ನವೆಂಬರಿನದು. ಪ್ರಾರ್ಥನೆ ನಡೆಸುವ ಸರದಿ ನನ್ನದು. ನಮ್ಮ ಗುಂಪಿನಲ್ಲಿ ಹೊಲ ನಂಬಿದ ಮನೆಯವರು ಇಬ್ಬರಿದ್ದರು. ಒಬ್ಬಾಕೆ ಮಸ್ಕಿ ಅಕ್ಕ. ಗಂಡ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಲಾರಿ ಓಡಿಸುತ್ತಿದ್ದ, ಆದರೆ ಹೊಲವೆಲ್ಲ ಮಸ್ಕಿಯ ಆಚೆ, ಕಾಲುವೆ ನೀರು ಹತ್ತದ ಏರಿನಲ್ಲಿ. ಮಾವ ಬಿಳಿಜೋಳ ಬಿತ್ತಿ ಮುಗಿಲು ನೋಡುತ್ತ ಕೂತಿದ್ದರು. ಇನ್ನೊಬ್ಬಾಕೆಯನ್ನು ನಾವೆಲ್ಲ ವದಿನಾ ಎನ್ನುತ್ತಿದ್ದೆವು, ತೆಲುಗಿನಲ್ಲಿ ಅತ್ತಿಗೆ ಎಂದರ್ಥ. ಆಂಧ್ರದಿಂದ ಬಂದು ದಢೇಸುಗೂರು ಕಡೆಯ ಕ್ಯಾಂಪಿನಲ್ಲಿ, ಅಂದರೆ ವಲಸೆ ರೈತರ ಊರಿನಲ್ಲಿ, ನೆಲೆಸಿದ ಮನೆತನ. ಅವರದು ಭತ್ತ. ಆ ವರ್ಷ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುವುದಿಲ್ಲ ಎಂದು ಆಗಲೇ ಸುದ್ದಿಯಾಗಿತ್ತು. ಇದ್ದ ಒಂದು ಬೆಳೆಯ ಮೇಲೆ ಅವರ ಮನೆ ವರ್ಷವಿಡೀ ನಡೆಯಬೇಕು. ಆ ಬೆಳೆ ಕೊಯ್ದು ರಸ್ತೆಯ ಮೇಲೆ ಒಣಗಲು ಬಿದ್ದಿತ್ತು.

ಮಸ್ಕಿ ಅಕ್ಕ, "ಒಂದ್ ಮಳಿ ಬೇಕು, ಒಂದ ಒಂದು. ಇಲ್ಲಂದ್ರ ಜ್ವಾಳ ಹ್ವಾದಂಗ" ಎಂದಳು. ವದಿನಾ, "ನಾಕು ದಿನ ಬಿಸಿಲು ಬೇಕು. ಒಂದು ಹನಿ ಬಿದ್ರೂ ನೆಲ್ಲು ಮೊಳಕೆ ಒಡೀತದೆ" ಎಂದಳು. ನಾನು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೆ. ಕಣ್ಣು ಮುಚ್ಚಿದೆ. "ಕೃಪಾಸಾಗರನಾದ ತಂದೆಯೇ, ಮಸ್ಕಿಯ ಒಣಭೂಮಿಯ ಮೇಲೆ ನಿನ್ನ ಮಳೆಯನ್ನು ಸುರಿಸು, ಸಿಂಧನೂರಿನ ಭತ್ತದ ಮೇಲೆ ನಿನ್ನ ಸೂರ್ಯನನ್ನು ಬೆಳಗಿಸು..." ಎಂದು ರಾಗವಾಗಿ ಒಂದೇ ಉಸಿರಿನಲ್ಲಿ ಬೇಡಿದೆ. ಆಮೆನ್ ಎನ್ನುವ ಮೊದಲೇ ಯಾರೋ ಕಿಸಕ್ಕನೆ ನಕ್ಕರು. ಕಣ್ಣು ಬಿಟ್ಟು ನೋಡಿದರೆ ನರ್ಸಮ್ಮ!

"ಗಡಿ ಎಲ್ಲಿ ಹಾಕಿದಿ? ಯಾವ ಊರ ತನಕ ಮಳಿ, ಯಾವ ಊರಿಂದ ಬಿಸಿಲು, ಅದನ್ನೂ ಹೇಳಿಬಿಡಬೇಕಿತ್ತು. ದೇವರಿಗೂ ಹಗುರ ಆಗ್ತಿತ್ತು" ಎಂದರು.

ಎಲ್ಲರೂ ಗೊಳ್ಳೆಂದು ನಕ್ಕರು. ಆ ಇಬ್ಬರು ಮಾತ್ರ ನಗಲಿಲ್ಲ. ವದಿನಾಳ ಮುಖ ಬಿಗಿದಿತ್ತು. "ನೀನು ಮಳಿ ಬೇಡಿದ್ರೆ ನಮ್ಮ ಬಾಯಿಗೆ ಮಣ್ಣು ಗದಾ, ಅಲ್ವಾ?" ಎಂದಳು. ಮಸ್ಕಿ ಅಕ್ಕ ಬಿಡುತ್ತಾಳೆಯೇ? "ನೀವು ಕಾಲುವಿ ನೀರಿನ ಮಂದಿ. ಮಳಿ ಕಿಮ್ಮತ್ತು ನಿಮಗೇನ್ ಗೊತ್ತು?" ಎಂದು ಸೆರಗು ಕೊಡವಿ ಎದ್ದಳು. ನನ್ನ ಚೀಟಿ ಬೆವರಿನಲ್ಲಿ ಒದ್ದೆಯಾಗಿತ್ತು.

"ಕುಂದ್ರು ಬೇ" ಎಂದರು ನರ್ಸಮ್ಮ. ಆಸ್ಪತ್ರೆಯಲ್ಲಿ ಚುಚ್ಚುಮದ್ದಿಗೆ ಹೆದರಿ ಓಡುವವರನ್ನು ಕೂರಿಸಿದ ದನಿ ಅದು. ಮಸ್ಕಿ ಅಕ್ಕ ಕೂತಳು. "ಮೂವತ್ತು ವರ್ಷ ಡಾಕ್ಟರ ಮುಂದ ನಿಂತೀನಿ ನಾ. ಪೇಶೆಂಟಿನ ಹಾಲತ್ ಏನೈತಿ ಅಂತ ಖರೇ ಹೇಳೂದು ನಮ್ಮ ಕೆಲಸ. ಜ್ವರ ಎಷ್ಟು, ನೋವು ಎಲ್ಲಿ, ನಿನ್ನಿಯಿಂದ ಏನೂ ಉಂಡಿಲ್ಲ... ಹೇಳಿ ಪೇಶೆಂಟಿನ ಮಗ್ಗಲದಾಗ ನಿಂದ್ರಬೇಕು. ಔಷಧದ ಚೀಟಿ ನಾವ ಬರದು, ಸಹಿ ಅಷ್ಟ ಹಾಕ್ರಿ ಅಂತ ಡಾಕ್ಟರಿಗೆ ಕೊಟ್ರ ಹೆಂಗ?"

ಆಮೇಲೆ ಒಂದು ತೀರ್ಪು ಕೊಟ್ಟರು. ಇನ್ನು ಮುಂದೆ ಮಸ್ಕಿ ಅಕ್ಕ ತನ್ನ ಜೋಳಕ್ಕಾಗಿ ಬೇಡಬಾರದು, ವದಿನಾಳ ಭತ್ತಕ್ಕಾಗಿ ಬೇಡಬೇಕು. ವದಿನಾ ಮಸ್ಕಿಯ ಜೋಳಕ್ಕಾಗಿ ಬೇಡಬೇಕು. "ಅದೂ ನೋಡಿ ಬಂದು. ಬುಧವಾರದ ತನಕ ನೆಲ್ಲು ಕಾಯಂಗಿಲ್ಲ. ನಾಳಿಗೇ ಕ್ಯಾಂಪಿಗೆ ಹೋಗೋಣು." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ನರ್ಸಮ್ಮನಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಮರುದಿನ ಮಧ್ಯಾಹ್ನ ಟಂಟಂ ಆಟೋದಲ್ಲಿ ಆರು ಜನ ಹೋದೆವು. ರಸ್ತೆಯ ಮೇಲೆ ಉದ್ದಕ್ಕೆ ಚಿನ್ನದ ಬಣ್ಣದ ಭತ್ತ. ವದಿನಾ ಬರಿಗಾಲಲ್ಲಿ ಅದರೊಳಗೆ ಗೆರೆ ಎಳೆಯುತ್ತ ನಡೆದು ತಿರುವಿ ಹಾಕುತ್ತಿದ್ದಳು. ಮಸ್ಕಿ ಅಕ್ಕ ಮೊದಲು ದೂರವೇ ನಿಂತಿದ್ದಳು. ಆಮೇಲೆ ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದು, "ಇನ್ನೂ ಹಸಿ ಐತಲ್ಲ" ಎಂದಳು. ಜೋಳದವಳಿಗೂ ಕಾಳು ತಿಳಿಯುತ್ತದೆ. ಅಲ್ಲೇ ನಿಂತು ಪ್ರಾರ್ಥನೆ ಶುರುಮಾಡಿದಳು. "ಯೇಸಪ್ಪಾ, ಈ ವದಿನಾನ ನೆಲ್ಲು ನೋಡು. ವರ್ಷದ ಕೂಳು ಇದ. ಇದರ ಮ್ಯಾಲೆ ನಿನ್ನ ಕೈ ಇಡು, ನಮಗೆಲ್ಲಾ ಚಲೋ ಮಳಿ ಕೊಡು..."

ರೂಢಿ! ಹುಟ್ಟಿದಾಗಿನಿಂದ ಆಡಿದ ಮಾತು ತಾನಾಗಿಯೇ ಬಂದುಬಿಟ್ಟಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ವದಿನಾ, "ಅಯ್ಯೋ ದೇವುಡಾ!" ಎಂದು ಹಣೆ ಬಡಿದುಕೊಂಡಳು. ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದರು. ಕೊನೆಗೆ ವದಿನಾಳೂ ತಡೆಯಲಾರದೆ ನಕ್ಕಳು...

ಆ ನಗು ಮುಗಿಯುವ ಮುಂಚೆ ಗಾಳಿ ಎದ್ದಿತು. ಹೊಳೆಯ ಕಡೆಯಿಂದ ಮೋಡ ಕಪ್ಪಗೆ ಏರಿ ಬಂತು. ನಾನು ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಸ್ಕಿ ಅಕ್ಕ ಸೀರೆ ಎತ್ತಿ ಸಿಕ್ಕಿಸಿ ತಾಡಪತ್ರಿಯ ಕಡೆ ಓಡಿದ್ದಳು. ನಾವೆಲ್ಲ ಸೇರಿ ಭತ್ತವನ್ನು ಗುಡ್ಡೆ ಎಳೆದೆವು. ನರ್ಸಮ್ಮ ನಡುವೆ ನಿಂತು, "ತಲಿ ಕಡೆ ಯಾರು? ಕಾಲ್ ಕಡೆ ಎತ್ತಿ ಹಿಡೀರಿ, ಮೆಲ್ಲಕ!" ಎಂದು ಕೂಗುತ್ತಿದ್ದರು, ಭತ್ತವಲ್ಲ ಬಾಣಂತಿ ಎಂಬಂತೆ. ದಪ್ಪ ಹನಿಗಳು ಬಿದ್ದವು. ಮೂರು ತಾಡಪತ್ರಿ ಹೊದಿಸಿದೆವು, ಅಂಚಿಗಿಡಲು ಕಲ್ಲು ಸಾಲಲಿಲ್ಲ. ಗಾಳಿ ಒಂದು ಮೂಲೆಯನ್ನು ಪಟಪಟ ಎತ್ತುತ್ತಿತ್ತು. ಮಸ್ಕಿ ಅಕ್ಕ ಹೋಗಿ ಆ ಮೂಲೆಯ ಮೇಲೆ ತಾನೇ ಕೂತುಬಿಟ್ಟಳು.

ಅವಳನ್ನು ಈಗಲೂ ಕಾಣುತ್ತೇನೆ. ತನ್ನ ಹೊಲಕ್ಕೆ ಬೇಕಾಗಿದ್ದ ಮಳೆಯಲ್ಲಿ ತೊಯ್ಯುತ್ತ, ಇನ್ನೊಬ್ಬಳ ಭತ್ತದ ಮೇಲೆ ಕೂತು, ಮಸ್ಕಿಯ ದಿಕ್ಕಿಗೆ ನೋಡುತ್ತಿದ್ದಳು. "ನಮ್ಮ ಕಡಿನೂ ಬಿದ್ದಿರಬೇಕಲ್ಲ ನರ್ಸಮ್ಮಾ?" ಎಂದಳು. ಮಳೆ ನಿಂತ ಮೇಲೆ ಮಾವನಿಗೆ ಫೋನು ಮಾಡಿದಳು. ಕೇಳಿಸಿಕೊಂಡು ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡು, "ಹನಿ ಸುದ್ದಿನೂ ಇಲ್ಲಂತ" ಎಂದಳು. ವದಿನಾ ಅವಳ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು, ಗಟ್ಟಿಯಾಗಿ, ಮಕ್ಕಳಿಗೆ ಒರೆಸಿದ ಹಾಗೆ.

ಅಂಚಿನ ಒಂದಿಷ್ಟು ಬಿಟ್ಟರೆ ಭತ್ತ ಉಳಿಯಿತು. ಎರಡು ದಿನದ ನಂತರ ವದಿನಾ ತಾನಾಗಿಯೇ ನಮ್ಮ ಜೊತೆ ಮಸ್ಕಿಯ ಹೊಲಕ್ಕೆ ಬಂದಳು, ಯಾರೂ ನೆನಪಿಸಬೇಕಾಗಲಿಲ್ಲ. ಎರೆಮಣ್ಣು ಬಿರಿದಿತ್ತು. ಮೊಣಕಾಲೆತ್ತರದ ಜೋಳ ಎಲೆ ಸುರುಳಿ ಸುತ್ತಿ ನಿಂತಿತ್ತು. ಅವಳು ಕುಕ್ಕರುಗಾಲಲ್ಲಿ ಕೂತು ಬಿರುಕಿನೊಳಗೆ ಕೈ ಇಳಿಸಿದಳು. ಮುಂಗೈವರೆಗೆ ಹೋಯಿತು. ತೆಲುಗೋ ಕನ್ನಡವೋ ತಿಳಿಯದ ಹಾಗೆ ಬಹಳ ಹೊತ್ತು ಬೇಡಿದಳು. ಅದರಲ್ಲಿ ನನಗೆ ಅರ್ಥವಾದದ್ದು "ನೋಡು ತಂದ್ರೀ, ನೋಡು" ಎಂಬುದಷ್ಟೇ. ನನ್ನ ಕಾನ್ವೆಂಟಿನ ಪ್ರಾರ್ಥನೆಗಳಲ್ಲಿ ಅಷ್ಟು ಚಿಕ್ಕದು ಒಂದೂ ಇರಲಿಲ್ಲ.

ಮಳೆ ಬಂತೇ? ಬಂತು, ಹತ್ತು ದಿನ ತಡವಾಗಿ, ಒಂದು ಜಿನುಗು. ಜೋಳ ಅರ್ಧಕ್ಕರ್ಧ ಆಯಿತು. ತಿನ್ನುವುದಕ್ಕೆ ಸಾಕಾದರೂ ಎತ್ತುಗಳಿಗೆ ಮೇವು ಸಾಲದು, ಎತ್ತು ಮಾರಬೇಕು ಎಂದು ಮಾವ ಹೇಳಿದ್ದರಂತೆ. ಒಂದು ಬೆಳಿಗ್ಗೆ ಕ್ಯಾಂಪಿನ ಟ್ರ್ಯಾಕ್ಟರು ಮಸ್ಕಿಯ ಆ ಮನೆಯ ಮುಂದೆ ನಿಂತಿತು, ಬಾಗಿಲು ಕಾಣದಷ್ಟು ಎತ್ತರಕ್ಕೆ ಭತ್ತದ ಹುಲ್ಲು ಹೇರಿಕೊಂಡು. ಎತ್ತುಗಳು ಉಳಿದವು.

"ನಾವು ಬೇಡಿದ್ದು ಮಳೆ. ಬಂದದ್ದು ಹುಲ್ಲು. ಇದನ್ನು ಉತ್ತರ ಅನ್ನಬಹುದಾ ನರ್ಸಮ್ಮಾ?" ಎಂದು ನಾನು ಕೇಳಿದೆ. ನಿಜವಾಗಿಯೂ ತಿಳಿಯದೆ ಕೇಳಿದ್ದು.

"ಮತ್ತ ಹೆಂಗ್ ಬರ್ತೈತಿ ಉತ್ತರ, ಪೋಸ್ಟಿನಾಗ?" ಎಂದು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ನರ್ಸಮ್ಮ ಕೊನೆಯ ದಿನಗಳಲ್ಲಿ ಲಿಂಗಸುಗೂರಿನ ಮಗಳ ಮನೆಯಲ್ಲಿದ್ದರು. ಹೋದ ವರ್ಷದ ಹಿಂದಿನ ವರ್ಷ, ಬೇಸಿಗೆಯಲ್ಲಿ, ತೀರಿಕೊಂಡರು. ಮಸ್ಕಿ ಅಕ್ಕ, ವದಿನಾ, ನಾನು ಒಂದೇ ಸೀಟಿನಲ್ಲಿ ಒತ್ತಿಕೊಂಡು ಬಸ್ಸಿನಲ್ಲಿ ಹೋಗಿ ಮಣ್ಣು ಹಾಕಿ ಬಂದೆವು. ದಾರಿಯುದ್ದಕ್ಕೂ ಅವರ ಮಾತುಗಳನ್ನೇ ಹೇಳಿಕೊಂಡು ನಕ್ಕೆವು. ಕಂಡಕ್ಟರು ನಮ್ಮನ್ನು ಮದುವೆಗೆ ಹೊರಟವರೆಂದು ತಿಳಿದಿದ್ದ. ಅಳು ಬಂದದ್ದು ಮನೆಗೆ ಬಂದ ಮೇಲೆ, ಗೋಡೆಯ ಆಚೆ ಹೊಸ ಬಾಡಿಗೆಯವರ ಟಿವಿ ಕೇಳಿಸಿದಾಗ...

ಈಗ ಬುಧವಾರದ ಚಾಪೆ ನಮ್ಮ ಮನೆಯಲ್ಲಿ. ಆಮೆನ್ ಆದ ಮೇಲೆ ಒಂದು ಗಳಿಗೆ ಯಾರೂ ಏಳುವುದಿಲ್ಲ. ಆ ಹೊತ್ತಿಗೆ ನರ್ಸಮ್ಮ ಮೊಣಕಾಲು ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಎದ್ದಿರುತ್ತಿದ್ದರು, ಇವತ್ತು ಯಾರ ಮನೆಗೆ ಹೋಗುವುದಿದೆ ಎಂದು ಕೇಳುತ್ತ. ಆ ಗಳಿಗೆಗೆ ನಾನಿನ್ನೂ ಹೊಂದಿಕೊಂಡಿಲ್ಲ. ಮೊನ್ನೆಯೂ ಹಾಗೆಯೇ ಕಣ್ಣು ಬಿಟ್ಟು ಸುಮ್ಮನೆ ಕೂತಿದ್ದೆ. ಹಿಂದಿನ ಬೀದಿಯ ಮುದುಕಿಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಿದ್ದಳು, ಅವಳಿಗಾಗಿ ಬೇಡಿದ್ದೆವು. ಮಸ್ಕಿ ಅಕ್ಕ ನನ್ನ ಭುಜ ತಿವಿದಳು.

"ಏಳ್ಬೇ. ಕುಂತ ಬಿಟ್ಟೀಯಲ್ಲ. ಮುದುಕಿ ಕಾಯಾಕತ್ತಿರ್ತಾಳ."

ಎದ್ದೆ.